ದೇವರ ಪ್ರೀತಿಯ ಕಥೆ: ಪುಟ್ಟ ಮಕ್ಕಳಿಗೆ ಹೇಳೋದು ಹೇಗೆ?

ಮೂರು-ನಾಲ್ಕು ವರ್ಷದ ಮಕ್ಕಳಿಗೆ ‘ದೇವರು ನಿನ್ನನ್ನು ಪ್ರೀತಿಸುತ್ತಾನೆ’ ಎಂದು ಸುಮ್ನೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಕಥೆ ಬೇಕು. ನನ್ನ ಮೊದಲ ಆಯ್ಕೆ ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಳೆದುಹೋದ ಕುರಿಯ ಕಥೆ. 100 ಕುರಿಗಳಲ್ಲಿ ಒಂದು ಕಾಣೆ. ಕುರುಬ ಉಳಿದ 99ನ್ನು ಬಿಟ್ಟು ಹುಡುಕಲು ಹೊರಡುತ್ತಾನೆ. ಇಲ್ಲಿಗೆ ಬಂದಾಗ ಒಂದು ಗೊಂಬೆ ಬಚ್ಚಿಟ್ಟು ಮಗುವಿನಿಂದಲೇ ಹುಡುಕಿಸಿ. ಮಂಚದ ಕೆಳಗೆ, ಬಾಗಿಲ ಹಿಂದೆ, ಎಲ್ಲಾ ಕಡೆ. ಸಿಕ್ಕ ಕೂಡಲೇ ಹೆಗಲ ಮೇಲೆ ಹೊತ್ತು ತರಲಿ. ಕಥೆಯಲ್ಲಿ ಕುರುಬ ಮಾಡುವುದೂ ಅದನ್ನೇ. ಬೈಯುವುದಿಲ್ಲ, ಖುಷಿಪಡುತ್ತಾನೆ. ಆಮೇಲೆ ‘ಕುರಿಗೆ ಹೇಗನಿಸಿರಬಹುದು?’ ಎಂದು ಕೇಳಿ. ಉತ್ತರ ಏನೇ ಬರಲಿ, ತಿದ್ದಬೇಡಿ.

ಸ್ವಲ್ಪ ದೊಡ್ಡವರಿಗೆ ಅದೇ ಅಧ್ಯಾಯದ ತಪ್ಪಿಹೋದ ಮಗನ ಕಥೆ. ಮನೆ ಬಿಟ್ಟುಹೋದ ಮಗ ಮರಳಿ ಬರುವಾಗ, ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿ ಬರುತ್ತಾನೆ, ಅಲ್ವಾ? ಅಲ್ಲಿ ನಿಲ್ಲಿಸಿ. ಮುಂದೇನು ಎಂದು ಅವರೇ ಊಹಿಸಲಿ.

ಒಂದೇ ಕಥೆಯನ್ನು ವಾರವಿಡೀ ಕೇಳಿದರೂ ಹೇಳಿ. ಬೇಸರವಾಗುವುದು ನಮಗೆ, ಮಕ್ಕಳಿಗಲ್ಲ.

‘ಹಠ ಮಾಡಿದರೆ ಯೇಸು ನಿನ್ನನ್ನು ಪ್ರೀತಿಸಲ್ಲ’ ಎಂಬ ಮಾತು ಮಾತ್ರ ಬೇಡವೇ ಬೇಡ. ಕುರಿಯ ಕಥೆ ಹೇಳಿದ ಬಾಯಲ್ಲೇ ಇದನ್ನೂ ಹೇಳಿದರೆ ಮಗು ಯಾವುದನ್ನು ನಂಬಬೇಕು?