ಫರ್ಗುಸನ್ 35: ಮೊದಲು ಗುರುತು, ಆಮೇಲೆ ಸ್ಟಿಕ್ಕರ್

ಫರ್ಗುಸನ್‌ನಂಥ ಹಳೆಯ ಟ್ರ್ಯಾಕ್ಟರಿನಲ್ಲಿ ಬಾನೆಟ್ಟಿನಷ್ಟು ಸುಲಭವಾಗಿ ಅದಲುಬದಲಾಗುವ ಭಾಗ ಇನ್ನೊಂದಿಲ್ಲ. ಅದರ ಮೇಲಿನ ಹೆಸರು ನೋಡಿ ಸ್ಟಿಕ್ಕರ್ ತರಿಸಿದರೆ ಹಿಂದಿನವರ ತಪ್ಪನ್ನೇ ಹೊಸದಾಗಿ ಅಂಟಿಸಿದಂತೆ. ನಾನು ಶುರುಮಾಡುವುದು ಡ್ಯಾಶ್‌ಬೋರ್ಡಿನ ಸೀರಿಯಲ್ ಪ್ಲೇಟಿನಿಂದ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪಕ್ಕದಿಂದ ಟಾರ್ಚ್ ಹಿಡಿದು ಓದುತ್ತೇನೆ. ತಂತಿ ಬ್ರಷ್ ಹಾಕಿದರೆ ತೆಳ್ಳಗೆ ಒತ್ತಿದ ಅಕ್ಷರಗಳೇ ಅಳಿಸಿಹೋಗುತ್ತವೆ. ಎಂಜಿನ್ ನಂಬರ್ ಬೇರೆ, ಟ್ರ್ಯಾಕ್ಟರ್ ನಂಬರ್ ಬೇರೆ, ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ, 35ಕ್ಕಿಂತ ಹಿಂದಿನ ಫರ್ಗುಸನ್ ಟಿಇ20 ಸಾಲಿನಲ್ಲಿ ಪ್ಲೇಟಿನ ಅಕ್ಷರವೇ ಎಲ್ಲವನ್ನೂ ಹೇಳುತ್ತದೆ: ಟಿಇಎ ಪೆಟ್ರೋಲ್, ಟಿಇಡಿ ಟಿವಿಒ (ಸೀಮೆಎಣ್ಣೆಯಂಥ ಟ್ರ್ಯಾಕ್ಟರ್ ಇಂಧನ), ಟಿಇಎಫ್ ಡೀಸೆಲ್. ಬಣ್ಣ ಪೂರ್ತಿ ಬೂದು. ಕೆಂಪು ಬಾನೆಟ್ ಕಂಡರೆ ಅದು ಆಮೇಲಿನ ಕೈವಾಡ.

ನಿಜವಾದ ಗೊಂದಲ 35ರಲ್ಲಿ. 1956ರ ಎಫ್‌ಇ35ಕ್ಕೆ ಬೂದು ತಗಡು, ಹೊನ್ನಿನ ಬಣ್ಣದ ಎಂಜಿನ್ ಮತ್ತು ಗೇರ್‌ಬಾಕ್ಸ್. 1957ರ ಕೊನೆಯಿಂದ ಕೆಂಪು-ಬೂದು ಬಂತು. ಆಗಿನ ಡೀಸೆಲ್ ಎಂಜಿನ್ ಸ್ಟ್ಯಾಂಡರ್ಡ್ ಕಂಪನಿಯ 23ಸಿ, ನಾಲ್ಕು ಸಿಲಿಂಡರಿನದು. ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರ್ ಡೀಸೆಲ್ ಎಂಜಿನ್ ಬಂದದ್ದು 1959ರಲ್ಲಿ. ಎಷ್ಟೋ ಹಳೆಯ ಗಾಡಿಗಳಿಗೆ ಆಮೇಲೆ ಅದನ್ನೇ ಕೂರಿಸಿದರು. ಹಾಗಾಗಿ ಹೊನ್ನಿನ ಗೇರ್‌ಬಾಕ್ಸಿನ ಮುಂದೆ ಪರ್ಕಿನ್ಸ್ ಕಂಡರೆ ಎಂಜಿನ್ ಬದಲಾಗಿದೆ ಎಂದೇ ಅರ್ಥ. 35ರ ಮುಂದಿನ ಮಾದರಿ 35ಎಕ್ಸ್ ಶುರುವಾದದ್ದು 1962ರ ಕೊನೆಗೆ. 1960ರ ಗಾಡಿಗೆ ‘ಎಕ್ಸ್’ ಅಂಟಿಸುವುದು ನಾನು ಪದೇ ಪದೇ ಕಾಣುವ ತಪ್ಪು. ಎರಕ ಹೊಯ್ದ ಭಾಗಗಳ ಮೇಲೆ ತಾರೀಖಿನ ಗುರುತು ಸಿಕ್ಕರೆ ಅದು ಗಾಡಿ ಜೋಡಿಸಿದ ದಿನಕ್ಕಿಂತ ಹಿಂದಿನದಾಗಿರಬೇಕು. ಮುಂದಿನದಾಗಿದ್ದರೆ ಆ ಭಾಗ ಬೇರೆ ಗಾಡಿಯದು.

ಪೇಂಟ್ ಕೆರೆಯುವ ಮುನ್ನ ಬ್ಯಾಟರಿ ತಟ್ಟೆಯ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬಾನೆಟ್ಟಿನ ಒಳಮೈ ನೋಡಬೇಕು. ಬಿಸಿಲು ಬೀಳದ ಕಡೆ ಮೊದಲ ಬಣ್ಣ ಉಳಿದಿರುತ್ತದೆ. ಬಾನೆಟ್ಟಿನ ಬದಿಯಲ್ಲಿ 400, ಆಮೇಲೆ 800 ನಂಬರಿನ ಎಮರಿ ಪೇಪರನ್ನು ನೀರು ಹಾಕಿ ಉಜ್ಜಿದರೆ ಪದರಗಳು ಬಳೆಬಳೆಯಾಗಿ ಕಾಣುತ್ತವೆ, ಹಳೆಯ ಅಕ್ಷರದ ನೆರಳೂ ಮೂಡಬಹುದು. ಅದನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿ, ಕೆಳ ಅಂಚಿನಿಂದಲೂ ಮುಂದಿನ ಅಂಚಿನಿಂದಲೂ ಮಿಲಿಮೀಟರಿನಲ್ಲಿ ಅಳತೆ ಬರೆಯಿರಿ. ಮಾರುವ ಸೆಟ್ಟುಗಳಲ್ಲಿ ಅಕ್ಷರದ ದಪ್ಪ, ಎತ್ತರ ಬೇರೆಯಾಗುವುದುಂಟು. ಈ ನಕ್ಷೆಯ ಮೇಲಿಟ್ಟು ನೋಡದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ.

ಅಂಟಿಸಲು ಆತುರ ಬೇಡ. ಸಿಂಥೆಟಿಕ್ ಎನಾಮೆಲ್ ಆದರೆ ಮೂರು ವಾರ ಬಿಡುತ್ತೇನೆ. ಬೇಗ ಅಂಟಿಸಿದರೆ ಒಳಗಿಂದ ಏಳುವ ಥಿನ್ನರ್ ಆವಿ ವಿನೈಲ್ ಅಡಿ ಗುಳ್ಳೆ ಕಟ್ಟುತ್ತದೆ. ಮೊದಲೇ ವ್ಯಾಕ್ಸ್ ಹಾಕಿದ ಮೈಗೆ ಅಂಟು ಹಿಡಿಯುವುದೇ ಇಲ್ಲ. ಒಂದು ಲೀಟರ್ ನೀರಿಗೆ ಎರಡು-ಮೂರು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಚಿಮುಕಿಸಿ, ಸ್ಟಿಕ್ಕರ್ ಇಟ್ಟು, ಗೆರೆಗೆ ಸರಿಸಿ, ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಬೇಕು. ಅಕ್ಷರಗಳನ್ನು ಹಿಡಿದಿಡಲು ಸ್ಟಿಕ್ಕರಿನ ಮೇಲೆ ಅಂಟಿಸಿರುವ ಟೇಪನ್ನು ಒಂದು ಗಂಟೆ ಬಿಟ್ಟು, ಮೈಗೆ ಒರಗಿಸಿ ಹಿಂದಕ್ಕೆ ಮಡಚಿಕೊಂಡು ಎಳೆಯಿರಿ. ಅಕ್ಷರ ಟೇಪಿನ ಜೊತೆ ಎದ್ದರೆ ಮತ್ತೆ ಒತ್ತಿ, ಇನ್ನಷ್ಟು ಹೊತ್ತು ಕಾಯಿರಿ. ಉಳಿದ ಗುಳ್ಳೆಗೆ ಸೂಜಿಯ ಮೊನೆ ಸಾಕು.