ಎರೆ ನೆಲದಲ್ಲಿ ಮನೆ: ಪಾಯ ಎಷ್ಟು ಆಳಕ್ಕೆ?

ನವಲಗುಂದ, ನರಗುಂದ, ರೋಣದ ಕಡೆ ಹಳೆಯ ಮನೆಗಳ ಗೋಡೆ ನೋಡಿಯೇ ಯಾವ ಹಂಗಾಮು ಎಂದು ಹೇಳಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಯುಗಾದಿ ಹೊತ್ತಿಗೆ ಬೆರಳು ತೂರುವಷ್ಟು ಬಾಯಿ ಬಿಟ್ಟಿರುತ್ತದೆ. ಮಳೆ ಹಿಡಿದು ನೆಲ ನೆಂದ ಮೇಲೆ ಅದೇ ಬಿರುಕು ಕೂಡಿಕೊಳ್ಳುತ್ತದೆ. ಆಗ ಸಿಮೆಂಟ್ ಮೆತ್ತಿ ಸುಣ್ಣ ಬಳಿದವರು ಮರುವರ್ಷ ಮತ್ತೆ ಮೆತ್ತುತ್ತಾರೆ. ಗೋಡೆ ಕಟ್ಟಿದ ಗೌಂಡಿಯನ್ನು ಬೈದು ಪ್ರಯೋಜನವಿಲ್ಲ, ಬಿರುಕು ಹುಟ್ಟಿದ್ದು ಪಾಯದ ಕೆಳಗೆ.

ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ನಡುಭಾಗದ ಅಡಿಯ ಮಣ್ಣಿಗೆ ಬಿಸಿಲು ತಾಗದು, ಅಲ್ಲಿನ ತೇವ ಹೆಚ್ಚು ಬದಲಾಗದು. ಅಂಚಿನ ಮಣ್ಣು ಮಾತ್ರ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈ ಹಗ್ಗಜಗ್ಗಾಟದಲ್ಲಿ ಗೋಡೆ ಸೀಳುತ್ತದೆ.

‘ಒಂದೇ ಅಂತಸ್ತು, ಮೂರಡಿ ಪಾಯ ಸಾಕು’ ಎಂಬ ಮಾತು ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ನಡೆದೀತು, ಎರೆಯಲ್ಲಿ ನಡೆಯದು. ನೆಂದ ಎರೆ ಮೇಲಕ್ಕೆ ತಳ್ಳುವ ಬಲ ಎಷ್ಟೋ ಕಡೆ ಒಂದಂತಸ್ತಿನ ಮನೆಯ ಭಾರಕ್ಕಿಂತ ಹೆಚ್ಚಿರುತ್ತದೆ. ಮೂರಂತಸ್ತಿನ ಕಟ್ಟಡ ಗಟ್ಟಿಯಾಗಿ ಕೂತು, ಪಕ್ಕದ ಪುಟ್ಟ ಮನೆ ಸೀಳುವುದು ಅದಕ್ಕೇ. ಇಲ್ಲಿ ಪಾಯದ ಆಳವನ್ನು ಹೇಳಬೇಕಾದದ್ದು ಮನೆಯ ಗಾತ್ರವಲ್ಲ, ಮಣ್ಣಿನ ತೇವ ಎಷ್ಟು ಆಳದವರೆಗೆ ಏರಿಳಿಯುತ್ತದೆ ಎಂಬುದು.

ಮೊದಲು ಗುಂಡಿ ತೋಡಿ

ಏಪ್ರಿಲ್–ಮೇ ತಿಂಗಳಲ್ಲಿ, ನೆಲ ಪೂರ್ತಿ ಒಣಗಿದಾಗ, ನಿವೇಶನದ ಎದುರುಬದುರು ಮೂಲೆಗಳಲ್ಲಿ ಎರಡು ಗುಂಡಿ ತೋಡಿಸಿ. ಒಂದು ಸಾಲದು. ಅರ್ಧ ನಿವೇಶನದಡಿ ಗರಸು (ಎರೆಯ ಕೆಳಗಿನ ಗಟ್ಟಿ, ಉಬ್ಬದ ಮಣ್ಣು) ನಾಲ್ಕಡಿಗೇ ಸಿಕ್ಕಿ, ಉಳಿದರ್ಧದಲ್ಲಿ ಎಂಟಡಿಗೂ ಸಿಗದಿರುವುದುಂಟು. ತೇವ ಎಷ್ಟು ಆಳದವರೆಗೆ ಏರಿಳಿಯುತ್ತದೆಂಬ ಅಂದಾಜಿಗೆ ನೆಲದ ಬಿರುಕಿನೊಳಗೆ ತೆಳ್ಳನೆಯ ಸರಳು ಇಳಿಸಿ ಆಳ ಅಳೆಯಿರಿ, ಗರಸು ಎಲ್ಲಿ ಶುರುವಾಯಿತೆಂದು ಬರೆದಿಡಿ. ಅಕ್ಕಪಕ್ಕದವರ ಹಳೆಯ ಬಾವಿಯ ಗೋಡೆಯೂ ಇದನ್ನು ಪುಕ್ಕಟೆ ತೋರಿಸುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆ?

ಈ ಪರೀಕ್ಷೆ ಸರಳ, ಭಾರತೀಯ ಮಾನಕದಲ್ಲಿಯೂ ಇದೆ. ಒಣಗಿಸಿ ನುಣ್ಣಗೆ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಪಾಲು ತೂಗಿ, 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ ಹಾಕಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ತುಂಬಿ, ಕಲಕಿ ಗಾಳಿಗುಳ್ಳೆ ಹೋಗಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣಿನ ಮಟ್ಟ 10, ನೀರಿನಲ್ಲಿ 17 ಎಂದಾದರೆ ಉಬ್ಬರ ಶೇ 70. ಶೇ 50 ದಾಟಿದ ಮಣ್ಣನ್ನು ರಸ್ತೆಯ ಏರಿಗೂ ಬಳಸಬಾರದೆಂದು ಹೆದ್ದಾರಿ ನಿಯಮ ಹೇಳುತ್ತದೆ ಎಂದ ಮೇಲೆ ಅದರ ಮೇಲೆ ಗೋಡೆ ಕೂರಿಸುವ ಮಾತೆಲ್ಲಿ? ಆದರೂ ಮನೆಯ ಜಾಡಿಯ ಲೆಕ್ಕವನ್ನು ಅಂದಾಜೆಂದೇ ತಿಳಿಯಿರಿ. ಮಣ್ಣು ಪರೀಕ್ಷಾ ಪ್ರಯೋಗಾಲಯದ ವರದಿ ಕೈಯಲ್ಲಿದ್ದರೆ ಎಂಜಿನಿಯರ್ ವಿನ್ಯಾಸ ಮಾಡಲು ಸುಲಭ.

ಯಾವಾಗ ಮೇಲಿನ ಪಾಯ?

ಗರಸು ಐದಡಿಯೊಳಗೆ ಸಿಕ್ಕರೆ ಯೋಚನೆಯೇ ಬೇಡ. ಎರೆ ಪೂರ್ತಿ ತೆಗೆದು ಗರಸಿನ ಮೇಲೆ ಪಾಯ ಕೂರಿಸಿ. ಇಂಥಲ್ಲಿ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸುವುದು ದುಡ್ಡು ಸುರಿದಂತೆ, ಕೈಬೈರಿಗೆ ಗಟ್ಟಿ ಗರಸಿನಲ್ಲಿ ಇಳಿಯುವುದೂ ಕಷ್ಟ.

ಐದರಿಂದ ಎಂಟು ಅಡಿಯ ನಡುವೆಯೇ ನಿಜವಾದ ಗೊಂದಲ. ಗೋಡೆಯುದ್ದಕ್ಕೂ ಅಷ್ಟು ಆಳ ತೋಡಿ ಕಲ್ಲು ಕಟ್ಟಿಸುವ ಬದಲು, ಕಾಲಂ ಇರುವಲ್ಲಷ್ಟೇ ಗರಸಿನವರೆಗೆ ಇಳಿದು ಫೂಟಿಂಗ್ (ಕಾಲಂ ಬುಡದ ಅಗಲ ಪೀಠ) ಹಾಕಿ ಗೋಡೆಯನ್ನು ಪ್ಲಿಂತ್ ಬೀಮ್ (ಕಾಲಂಗಳನ್ನು ಬುಡದಲ್ಲಿ ಕೂಡಿಸುವ ಕಾಂಕ್ರೀಟ್ ತೊಲೆ) ಮೇಲೆ ಹೊರಿಸುವುದು ನನಗೆ ಸರಿಕಾಣುತ್ತದೆ.

ಎರೆ ತೆಗೆದು ಬೇರೆ ಮಣ್ಣು ತುಂಬಿಸುವುದಾದರೆ ಮರಳು ತುಂಬಬೇಡಿ. ಇದು ನಮ್ಮಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಸುತ್ತ ಎರೆ, ನಡುವೆ ಮರಳು ಎಂದರೆ ನೀವೇ ತೊಟ್ಟಿ ಕಟ್ಟಿದಂತೆ. ಮಳೆನೀರು ಇಳಿದು ಅಲ್ಲೇ ನಿಂತು ಕೆಳಗಿನ ಎರೆಯನ್ನು ನೆನೆಸುತ್ತಿರುತ್ತದೆ. ಸ್ವಲ್ಪ ಅಂಟಿರುವ, ಆದರೆ ಉಬ್ಬದ ಗರಸನ್ನು ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸು ಹಾಕಬೇಕು. ಇಂಥ ಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಪದರ ಕೆಳಗಿನ ಎರೆಯ ಉಬ್ಬರವನ್ನು ಬಹುಮಟ್ಟಿಗೆ ಅಡಗಿಸುತ್ತದೆಂದು ಐಐಟಿ ಮುಂಬೈಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿಕೊಟ್ಟರು. ಎರೆ ನೆಲದ ಕಾಲುವೆಗಳಿಗೆ ಈ ವಿಧಾನ ಮಾನಕವೇ ಆಗಿದೆ.

ಯಾವಾಗ ಆಳದ ಪಾಯ?

ಹತ್ತಡಿ ತೋಡಿದರೂ ಎರೆಯೇ ಸಿಕ್ಕರೆ ಗಡ್ಡೆ ಪೈಲ್ ಕಡೆ ತಿರುಗಿ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ನೆಲಕ್ಕೆಂದೇ ಬೆಳೆಸಿದ ವಿಧಾನವಿದು. ಎಂಜಿನಿಯರ್‌ಗಳು ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ಬೈರಿಗೆಯಿಂದ ತೂತು ಕೊರೆದು, ತಳದ ಹತ್ತಿರ ಇನ್ನೊಂದು ಸಲಕರಣೆ ಇಳಿಸಿ ತಿರುಗಿಸಿದರೆ ಅಲ್ಲಿ ಮಣ್ಣು ಹೆರೆದು ಗಡ್ಡೆಯಾಕಾರದ ಪೊಳ್ಳಾಗುತ್ತದೆ. ಸರಳಿನ ಪಂಜರ ಇಳಿಸಿ ಕಾಂಕ್ರೀಟ್ ತುಂಬಿದರೆ, ಮೂಲಂಗಿಯಂತೆ ನೇರವಿದ್ದು ಬುಡದಲ್ಲಿ ಗಡ್ಡೆ ಕಟ್ಟಿದ ಕಂಬ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎಳೆದರೂ, ತೇವ ಬದಲಾಗದ ಆಳದಲ್ಲಿ ಕೂತ ಗಡ್ಡೆ ಬಿಡುವುದಿಲ್ಲ.

1980ರ ಭಾರತೀಯ ಮಾನಕದ ಪ್ರಕಾರ ಆಳದ ಎರೆಯಲ್ಲಿ ಪೈಲ್ ಕನಿಷ್ಠ 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿ ಇಳಿಯಬೇಕು. ಗಡ್ಡೆಯ ವ್ಯಾಸ ಕಂಬದ ಎರಡೂವರೆ ಪಟ್ಟು. 25 ಸೆಂಟಿಮೀಟರ್ ಕಂಬ, ಒಂದು ಗಡ್ಡೆ ಇದ್ದರೆ ಸುಮಾರು 12 ಟನ್ ಹೊರುತ್ತದೆ. ಒಂದಂತಸ್ತಿನ ಗೋಡೆಯ ಭಾರ ಮೀಟರಿಗೆ ನಾಲ್ಕು ಟನ್ ಎಂದುಕೊಂಡರೆ ಎರಡು ಮೀಟರಿಗೊಂದು ಪೈಲ್ ಸಾಕು. 30x40 ಅಡಿಯ ಮನೆಗೆ ಒಳಗೋಡೆ ಸೇರಿ ಮೂವತ್ತರ ಆಸುಪಾಸು. ಅಷ್ಟೇ ಆಳಕ್ಕೆ ಕಲ್ಲಿನ ಪಾಯ ತೋಡುವ ಖರ್ಚನ್ನೂ ಇದರ ಪಕ್ಕ ಬರೆಸಿ ನೋಡಿ. ಪೈಲ್ ದುಬಾರಿ ಎಂಬ ಮಾತು ಎಷ್ಟೋ ಸಲ ಅಲ್ಲೇ ಬಿದ್ದುಹೋಗುತ್ತದೆ.

ಕೊರೆಯುವ ದಿನ ನೀವು ಅಲ್ಲಿರಬೇಕು. ಗಡ್ಡೆ ನೆಲದಡಿ ಇರುವುದರಿಂದ ಕೊರೆಯುವವರು ‘ಆಯ್ತ್ರೀ ಸಾಹೇಬ್ರ’ ಎಂದರೆ ನಂಬದೆ ಬೇರೆ ದಾರಿ ಇರುವುದಿಲ್ಲ. ತುದಿ ಬಾಗಿಸಿದ ಸರಳು ಇಳಿಸಿ ಗಡ್ಡೆಯ ಅಗಲ ಮುಟ್ಟಿ ನೋಡಿ. ಕೊರೆದ ದಿನವೇ ಕಾಂಕ್ರೀಟ್ ತುಂಬಿಸಿ, ರಾತ್ರಿ ಬಿಟ್ಟರೆ ತೂತಿನ ಗೋಡೆ ಕುಸಿಯಬಹುದು.

ಬೀಮಿನ ಕೆಳಗಿನ ಜಾಗ

ಪೈಲ್‌ಗಳ ತಲೆ ಕೂಡಿಸುವ ಬೀಮ್ ನೆಲದಿಂದ ಕನಿಷ್ಠ 80 ಮಿಲಿಮೀಟರ್ ಮೇಲಿರಬೇಕು. ಉಬ್ಬಿದ ಮಣ್ಣಿಗೆ ಏಳಲು ಅಷ್ಟು ಜಾಗ. ಹಾವು, ಇಲಿ ಹೊಕ್ಕೀತೆಂದು ಗೃಹಪ್ರವೇಶಕ್ಕೆ ಮುಂಚೆ ಯಾರೋ ಅದಕ್ಕೆ ಮಣ್ಣು ತುರುಕಿಬಿಟ್ಟರೆ ಅಷ್ಟೂ ಪೈಲ್ ದಂಡ. ಬೀಮಿಗೆ ತಾಗದಂತೆ ಹೊರಗಡೆ ತೆಳು ಇಟ್ಟಿಗೆಯ ಮರೆ ಕಟ್ಟಿದರೆ ಇಲಿಯೂ ಬಾರದು, ಜಾಗವೂ ಉಳಿಯುತ್ತದೆ. ಕೋಣೆಯ ನೆಲಹಾಸಿನ ಅಡಿಯಲ್ಲೂ ಎರೆ ತೆಗೆದು ಗರಸು ತುಂಬಿಸಿ. ಇಲ್ಲವಾದರೆ ಗೋಡೆ ನೆಟ್ಟಗಿದ್ದು ಟೈಲ್ಸ್ ಮಾತ್ರ ಡುಬ್ಬವಾಗುತ್ತವೆ.

ಯಾವ ಪಾಯವಾದರೂ ಮನೆಯ ಸುತ್ತ ಐದಾರಡಿ ಅಗಲದ ಫರಸಿ ಹೊರಗಿಳಿಜಾರಾಗಿರಲಿ, ಬಚ್ಚಲ ನೀರು ಗೋಡೆಯ ಬುಡಕ್ಕೆ ಬೀಳದಿರಲಿ. ಬೇವು ಬೇಕಾದರೆ ಅದು ಬೆಳೆಯುವ ಎತ್ತರದಷ್ಟು ದೂರ ನೆಡಿ. ಬೇಸಿಗೆಯಲ್ಲಿ ಪಾಯದಡಿಯ ತೇವವನ್ನು ಹೀರುವುದರಲ್ಲಿ ಅದರ ಬೇರು ಬಿಸಿಲಿಗಿಂತ ಒಂದು ಕೈ ಮೇಲು.