ನಾಲ್ಕನೆಯವನಿಗಾಗಿ ಹಾಕಿದ ಹಾದಿ

ಕ್ರಾಸ್ ಕಂಟ್ರಿ, ಅಂದರೆ ರಸ್ತೆ ಬಿಟ್ಟು ಹೊಲ-ಗುಡ್ಡಗಳ ನೆಲದ ಮೇಲಿನ ಓಟ, ಒಬ್ಬೊಬ್ಬರ ಓಟವೆಂದೇ ನಮ್ಮ ಕಡೆ ಬಹಳ ಮಂದಿ ತಿಳಿದಿದ್ದಾರೆ. ಆದರೆ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್‌ನಲ್ಲಿ ಇಪ್ಪತ್ತು ವರ್ಷದೊಳಗಿನ ಹುಡುಗರ ಸ್ಪರ್ಧೆ, ಅಂದರೆ ಮೊದಲು ಜೂನಿಯರ್ ಪುರುಷರ ಓಟ ಎನ್ನುತ್ತಿದ್ದ ಸುಮಾರು 8 ಕಿಲೋಮೀಟರ್ ಸ್ಪರ್ಧೆ, ತಂಡದ ಸ್ಪರ್ಧೆಯೂ ಹೌದು. ಒಂದು ದೇಶದ ಆರು ಮಂದಿ ಓಡಿದರೆ, ಮೊದಲು ಗುರಿ ಮುಟ್ಟಿದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆ ಬಂದ ತಂಡ ಗೆಲ್ಲುತ್ತದೆ. ಒಂದು ತಂಡದವರು 1, 3, 8 ಮತ್ತು 40ನೆಯ ಸ್ಥಾನದಲ್ಲಿ ಬಂದರೆ ಮೊತ್ತ 52. ಇನ್ನೊಂದು ತಂಡದವರು 9, 11, 13, 15ರಲ್ಲಿ ಬಂದರೆ 48. ಮೊದಲ ಎಂಟರಲ್ಲಿ ಒಬ್ಬನೂ ಇಲ್ಲದ ತಂಡ, ಚಿನ್ನ ಗೆದ್ದವನಿರುವ ತಂಡವನ್ನು ಹಿಂದೆ ಹಾಕುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ದೈಹಿಕ ಶಿಕ್ಷಣದ ಕೆಲಸದಲ್ಲಿರುವ ನಾನು ಈ ವಯಸ್ಸಿನ ಹುಡುಗರಿಗೆ ತರಬೇತಿ ಕೊಡಲು ತೊಡಗಿದಾಗ ಈ ಲೆಕ್ಕವನ್ನೇ ಹಿಡಿದುಕೊಂಡೆ. ಮುಂದೆ ಓಡುವ ಹುಡುಗ ಹೇಗೂ ಓಡುತ್ತಾನೆ; ನನ್ನ ಕೆಲಸವಿರುವುದು ನಾಲ್ಕನೆಯವನ ಹತ್ತಿರ.

ಅದಕ್ಕೆ ಮೊದಲು ಬೇಕಾದದ್ದು ಹಾದಿ. ನಮ್ಮ ಹುಡುಗರು ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಾರೆ, ಆದರೆ ತಿರುವು, ಏರು, ಸಡಿಲ ಮಣ್ಣು ಬಂದೊಡನೆ ಅವರ ಲಯ ಕೆಡುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹಾದಿಯು 1500ರಿಂದ 2000 ಮೀಟರ್ ಉದ್ದದ ಸುತ್ತಾಗಿರಬೇಕು. ದೂರ ಸರಿಹೊಂದಿಸಲು ಚಿಕ್ಕ ಸುತ್ತೊಂದನ್ನು ಸೇರಿಸುವುದಾದರೆ ಅದನ್ನು ಓಟದ ಆರಂಭದಲ್ಲಿಯೇ ಮುಗಿಸಬೇಕು. ಪ್ರತಿ ದೊಡ್ಡ ಸುತ್ತಿನಲ್ಲಿ ಒಟ್ಟು ಕನಿಷ್ಠ 10 ಮೀಟರ್ ಏರು ಇದ್ದರೆ ಒಳ್ಳೆಯದು. ಆಳವಾದ ಕಂದಕ, ಅಪಾಯದ ಇಳಿಜಾರು ಸಲ್ಲವು. ಈ ಷರತ್ತುಗಳಿಗೆಲ್ಲ ಒಗ್ಗುವ ನೆಲ ನಮ್ಮ ಊರ ಪಕ್ಕದಲ್ಲೇ ಇತ್ತು: ಗುಡ್ಡದ ಬುಡದ ಮಸಾರಿ (ಕೆಂಪು ಮಣ್ಣಿನ) ಹೊಲಗಳು, ಅವುಗಳ ನಡುವೆ ಮರಳು ತುಂಬಿದ ಒಂದು ಹಳ್ಳ. ಮುಂಗಾರಿನ ಸಜ್ಜೆ ಕೊಯ್ಲಾದ ಮೇಲೆ ಮಸಾರಿ ಹೊಲಗಳು ಖಾಲಿ ಬೀಳುತ್ತವೆ. ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಾದರೆ ಆಗ ಹಿಂಗಾರಿ ಜೋಳ, ಕಡಲೆ ನಿಂತಿರುತ್ತವೆ, ಅತ್ತ ಕಾಲಿಡುವಂತೆಯೇ ಇಲ್ಲ. ಕ್ರಾಸ್ ಕಂಟ್ರಿಯ ಋತು ಬರುವುದೂ ಚಳಿಗಾಲದಲ್ಲಿಯೇ ಆದ್ದರಿಂದ, ಹೊಲದ ಯಜಮಾನರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಬದು ಒಡೆಯಬಾರದು ಎಂಬುದೊಂದೇ ಅವರು ಹಾಕಿದ ಷರತ್ತು.

ದೂರ ಅಳೆಯಲು ಸೈಕಲ್ ಸಾಕಾಯಿತು. ಗಾಲಿಗೆ ಬಣ್ಣದ ಗುರುತು ಹಾಕಿ, ಗಟ್ಟಿ ನೆಲದ ಮೇಲೆ ಐವತ್ತು ಮೀಟರ್ ಟೇಪಿನ ಪಕ್ಕದಲ್ಲಿ ತಳ್ಳಿ, ಒಂದು ಸುತ್ತಿಗೆ ಎಷ್ಟು ದೂರವೆಂದು ತೆಗೆದುಕೊಂಡೆ. ಆಮೇಲೆ ಸುತ್ತುಗಳನ್ನು ಎಣಿಸುತ್ತ ಇಡೀ ಹಾದಿಯನ್ನು ತಳ್ಳಿಕೊಂಡು ಹೋದೆ. ಮರಳಿನಲ್ಲಿ ಗಾಲಿ ಜಾರುತ್ತದೆ, ಹಾಗಾಗಿ ಹಳ್ಳದ ಭಾಗವನ್ನು ಟೇಪಿನಲ್ಲಿಯೇ ಅಳೆದೆ. ಆರಂಭದ ಜಾಗವನ್ನು ಅಗಲವಾಗಿಟ್ಟು, ಎಲ್ಲರೂ ಹರಡಿಕೊಂಡ ಮೇಲೆಯೇ ಹಾದಿ ಕಿರಿದಾಗುವಂತೆ ನೋಡಿಕೊಂಡೆ. ಕೂಳೆಯನ್ನು ಕಿತ್ತು ತೆಗೆಯುವುದು, ಜಾಲಿ ಮುಳ್ಳು ಆರಿಸುವುದು ದಿನದ ಕೆಲಸವಾಯಿತು. ಜಾಲಿ ಮುಳ್ಳಿಗೆ ತೆಳುವಾದ ತಳದ ಓಟದ ಬೂಟು ಲೆಕ್ಕಕ್ಕೇ ಇಲ್ಲ, ಸೀದಾ ಪಾದಕ್ಕೆ ಇಳಿಯುತ್ತದೆ.

ಈ ಹಾದಿಯಲ್ಲಿ ಕಿಲೋಮೀಟರಿಗೆ ಇಷ್ಟು ನಿಮಿಷ ಎಂಬ ಲೆಕ್ಕ ನಡೆಯುವುದಿಲ್ಲ. ವಿಶ್ವ ಮಟ್ಟದಲ್ಲಿ ಈ ಓಟವನ್ನು ಗೆಲ್ಲುವವರು 24 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ ನಿಜ, ಆದರೆ ಅದೂ ನೆಲದ ಮೇಲೆ ನಿಂತ ಮಾತು. 2019ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ವಸ್ತುಸಂಗ್ರಹಾಲಯವೊಂದರ ಹುಲ್ಲು ಬೆಳೆದ ಇಳಿಜಾರು ಛಾವಣಿಯ ಮೇಲೆಯೇ ಓಡಿಸಿದರು. 2023ರಲ್ಲಿ ಆಸ್ಟ್ರೇಲಿಯಾದ ಬ್ಯಾಥರ್ಸ್ಟ್‌ನಲ್ಲಿ ಫೆಬ್ರುವರಿಯ ಬೇಸಿಗೆಯಲ್ಲಿ ದ್ರಾಕ್ಷಿ ತೋಟದ ನಡುವೆ ಓಡಿಸಿದರು. ಅಂಥ ಎರಡು ಹಾದಿಗಳ ಸಮಯವನ್ನು ಹೋಲಿಸಿ ಏನೂ ಸಿಗದು. ನಮ್ಮ ಹುಡುಗನೊಬ್ಬ ಹಳ್ಳ ದಾಟಿ ಏದುಸಿರು ಬಿಡುತ್ತ, "ಸರ್ರ, ಈ ಹಾದ್ಯಾಗ ಗಡಿಯಾರ ನೋಡಿ ಏನ್ ಮಾಡೋದ್ರೀ?" ಎಂದು ಕೇಳಿದ. ಕೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಸಮಯದ ಬದಲು, ಮೊದಲನೆಯವನಿಗೂ ನಾಲ್ಕನೆಯವನಿಗೂ ನಡುವಿನ ಅಂತರವನ್ನು ಮಾತ್ರ ಸುತ್ತಿನಿಂದ ಸುತ್ತಿಗೆ ಬರೆದುಕೊಂಡೆ.

ಆ ಅಂತರ ಬೆಳೆಯುತ್ತಿದ್ದುದು ನಾನು ಎಣಿಸಿದಂತೆ ಏರಿನಲ್ಲಲ್ಲ, ಏರು ಮುಗಿದ ಮೇಲಿನ ಮೊದಲ ನೂರು ಹೆಜ್ಜೆಗಳಲ್ಲಿ. ಹಿಂದಿನವರು ಗುಡ್ಡದ ನೆತ್ತಿ ಮುಟ್ಟಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನವನು ಇಳಿಜಾರು ಹಿಡಿದಿರುತ್ತಿದ್ದ. ಆದ್ದರಿಂದ ಏರಿನ ಅಭ್ಯಾಸವನ್ನು ನೆತ್ತಿಯಲ್ಲಿ ನಿಲ್ಲಿಸದೆ, ಅದರಾಚೆಯ ಬೇವಿನ ಮರದವರೆಗೆ ಅದೇ ಬಿರುಸಿನಲ್ಲಿ ಮುಂದುವರಿಸಿ, ಅಲ್ಲಿಂದ ನಡೆದು ಬರುವಂತೆ ಮಾಡಿದೆ. ವಾರಕ್ಕೊಂದು ದಿನ ನಿಧಾನದವನನ್ನು ಮೊದಲು, ಬಿರುಸಿನವನನ್ನು ಕೊನೆಗೆ ಬಿಟ್ಟು, ಎಲ್ಲರೂ ಒಟ್ಟಿಗೇ ಗುರಿ ಮುಟ್ಟುವಂತೆ ಲೆಕ್ಕ ಹಾಕುತ್ತಿದ್ದೆ. ನಾಲ್ಕನೆಯ ಹುಡುಗನಿಗೆ ಇದರಿಂದ ಆದ ಲಾಭ ದೊಡ್ಡದು: ಹಿಂದಿನಿಂದ ಬಂದು ದಾಟಿದವನ ಬೆನ್ನು ಹಿಡಿದು ಓಡುವುದನ್ನು ಅವನು ಅಲ್ಲಿ ಕಲಿತ. ಮೂರನೆಯವನು, ನಾಲ್ಕನೆಯವನು, ಐದನೆಯವನು ಉಳಿದ ದಿನಗಳಲ್ಲಿ ಜೊತೆಯಾಗಿಯೇ ಓಡುತ್ತಿದ್ದರು. ಐದನೆಯವನ ಸ್ಥಾನ ಲೆಕ್ಕಕ್ಕೆ ಬಾರದಿದ್ದರೂ, ಎದುರಾಳಿ ತಂಡದ ನಾಲ್ಕನೆಯವನಿಗಿಂತ ಮುಂದೆ ಬಂದರೆ ಅವರ ಮೊತ್ತ ಒಂದು ಹೆಚ್ಚುತ್ತದೆ ಎಂಬುದನ್ನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಬೇಕಾಯಿತು.

ಕೆನೆನಿಸಾ ಬೆಕೆಲೆ 2001ರಲ್ಲಿ, ಎಲಿಯುಡ್ ಕಿಪ್ಚೋಗೆ 2003ರಲ್ಲಿ, ಯಾಸಿನ್ ಹಾಜಿ 2015ರಲ್ಲಿ ಈ ಜೂನಿಯರ್ ಓಟವನ್ನು ಗೆದ್ದವರೆಂದು ಹುಡುಗರಿಗೆ ಗೊತ್ತು, ಮೊಬೈಲಿನಲ್ಲಿ ನೋಡಿದ್ದಾರೆ. ಆ ತಂಡಗಳ ನಾಲ್ಕನೆಯವರ ಹೆಸರು ಯಾರಿಗೂ ಗೊತ್ತಿಲ್ಲ, ನನಗೂ ನೆನಪಿಲ್ಲ.

ನಮ್ಮ ಹಾದಿಯಲ್ಲಿ ಇಲ್ಲದೆ ಇದ್ದದ್ದು ಕೆಸರು. ಅದಕ್ಕಾಗಿ ಈಗ ಗಂಗಾವತಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೆ ಹುಡುಗರನ್ನು ಕರೆದೊಯ್ಯುತ್ತೇನೆ. ಭತ್ತ ಕೊಯ್ದ ಮೇಲೆ ಕೆಲವು ದಿನ ನೆಲ ಹಸಿಯಾಗಿರುತ್ತದೆ, ಓಟಕ್ಕೆ ಅದೇ ತಕ್ಕ ಕಾಲ. ಕೊಯ್ಲಿನ ಯಂತ್ರದ ಚಕ್ರ ಹೂತ ಗುಂಡಿಗಳು ಒಣಗಿ ಗಟ್ಟಿಯಾದರೆ ಕಣಕಾಲು ಉಳುಕುವುದು ಖಂಡಿತ. ಆಗ ಮತ್ತೆ ಮಸಾರಿ ಹೊಲಕ್ಕೇ ಬರುತ್ತೇವೆ.